ಮನೆ ದುರಸ್ತಿಯ ಕರಾರಿನಲ್ಲಿ ಮಳೆಗಾಲಕ್ಕೂ ಸ್ಥಾನವಿರಲಿ

(ಬಳಗದ ತಿಂಗಳ ಸಭೆಯಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಮಣ್ಣು, ಬೆಳೆ, ಗೊಬ್ಬರಗಳ ಬಗೆಗೆ ಮಾತನಾಡಬೇಕಾದ ಕೃಷಿ ವಿಜ್ಞಾನಿ ಮನೆ ದುರಸ್ತಿಯ ಗುತ್ತಿಗೆಯ ಬಗೆಗೆ ಮಾತನಾಡಲು ಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯ ತರಬಹುದು. ಆದರೆ ಮಲೆನಾಡಿನ ಹಳೆಯ ಮನೆಯೆಂಬುದು ಇಲ್ಲಿಯ ಮಣ್ಣಿನದೇ ಇನ್ನೊಂದು ರೂಪ. ಅದರ ಗೋಡೆ ಹಿತ್ತಿಲ ಧರೆಯಿಂದ ತೆಗೆದ ಮಣ್ಣು ಅಥವಾ ಜಂಬಿಟ್ಟಿಗೆ. ತೊಲೆ, ಪಕಾಸುಗಳು ಇಲ್ಲಿಯ ಕಾಡಿನ ಮರ. ಮಾಡಿನಿಂದ ಇಳಿದ ನೀರು ಕೊನೆಗೆ ಸೇರುವುದು ನಮ್ಮ ತೋಟದ ಬಸಿಗಾಲುವೆಯನ್ನೇ. ಇತ್ತೀಚಿನ ವರ್ಷಗಳಲ್ಲಿ ನಾನು ತೋಟ ನೋಡಲು ಹೋದ ಮನೆಗಳಲ್ಲಿ ಕೊಳೆರೋಗ, ಎಲೆಚುಕ್ಕಿ ರೋಗಗಳ ಮಾತು ಮುಗಿದ ಮೇಲೆ ರೈತರು ಹೇಳಿಕೊಳ್ಳುವ ಇನ್ನೊಂದು ಸಂಕಟವೆಂದರೆ ಮನೆ ರಿಪೇರಿಯದು. ಹಾಗೆ ಕೇಳಿದ, ಕಂಡ ಅನುಭವಗಳನ್ನು ಒಟ್ಟುಗೂಡಿಸಿ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ನಾನು ಹೇಳಬೇಕಾದ ಮುಖ್ಯ ಸಂಗತಿ ಒಂದೇ. ನಮ್ಮ ಸೀಮೆಯಲ್ಲಿ ಮನೆ ದುರಸ್ತಿಗೆ ಪಕ್ಷಗಳು ಮೂರು: ಮನೆಯವರು, ಗುತ್ತಿಗೆದಾರ ಮತ್ತು ಮಳೆ. ಮೊದಲ ಇಬ್ಬರು ತಮ್ಮೊಳಗೇ ಮಾತಾಡಿಕೊಂಡು ಮಳೆಯನ್ನು ಮರೆತರೆ ಆ ಒಪ್ಪಂದ ಜೂನ್ ತಿಂಗಳಲ್ಲಿ ಮುರಿಯುತ್ತದೆ.

ಮುಯ್ಯಾಳಿನಿಂದ ಗುತ್ತಿಗೆಗೆ

ಹಿಂದಿನ ತಲೆಮಾರಿನವರಿಗೆ ಮನೆ ದುರಸ್ತಿ ಪ್ರತ್ಯೇಕ ಕೆಲಸವಾಗಿರಲಿಲ್ಲ. ಅದು ವರ್ಷದ ಬೇಸಾಯದ ಜೊತೆಗೇ ನಡೆಯುತ್ತಿತ್ತು. ಸೋಗೆ, ಹುಲ್ಲಿನ ಮಾಡುಗಳಿಗೆ ಮಳೆಗೆ ಮುನ್ನ ಹೊಸ ಹೊದಿಕೆ ಬೇಕಾಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಹೆಂಚು ನಿಧಾನವಾಗಿ ಘಟ್ಟ ಹತ್ತಿತು. ಹೆಂಚಿನ ಮಾಡಿಗೂ ವರ್ಷಕ್ಕೊಮ್ಮೆ ಕೈಯಾಡಿಸುವ ಕೆಲಸ ತಪ್ಪಲಿಲ್ಲ. ಒಡೆದದ್ದನ್ನು ತೆಗೆದು, ಪಾಚಿ ಕೆರೆದು, ಸರಿದದ್ದನ್ನು ಕೂಡಿಸಲು ನೆರೆಹೊರೆಯವರು ಮುಯ್ಯಾಳಾಗಿ ಬರುತ್ತಿದ್ದರು. ಮರಗೆಲಸಕ್ಕೆ ಊರಿನ ಆಚಾರಿಯವರು ಇರುತ್ತಿದ್ದರು. ಆ ವ್ಯವಸ್ಥೆಯಲ್ಲಿ ದುಡಿದವರಿಗೆಲ್ಲ ನ್ಯಾಯವಾದ ಪ್ರತಿಫಲ ಸಿಗುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಒಂದು ಗುಣ ಅದರಲ್ಲಿತ್ತು: ಕೆಲಸ ಮಾಡಿದವರು ಮುಂದಿನ ಮಳೆಗಾಲದಲ್ಲಿ ಅದೇ ಊರಿನಲ್ಲಿರುತ್ತಿದ್ದರು. ಮಾಡು ಸೋರಿದರೆ ಕರೆದು ತೋರಿಸಬಹುದಾಗಿತ್ತು.

ಇಂದು ಮಕ್ಕಳು ನಗರ ಸೇರಿದ್ದಾರೆ, ಮುಯ್ಯಾಳು ಅಪರೂಪವಾಗಿದೆ. ಪೇಟೆಯ ಗುತ್ತಿಗೆದಾರರು ಬಂದಿದ್ದಾರೆ. ಅವರೊಡನೆ ಉತ್ತರ ಕರ್ನಾಟಕದಿಂದ, ಬಿಹಾರ, ಬಂಗಾಳ, ಅಸ್ಸಾಮುಗಳಿಂದ ಬಂದ ಶ್ರಮಜೀವಿಗಳು ನಮ್ಮ ಗೋಡೆ ಕಟ್ಟುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿಂದೆ ಊರಿನ ಸಂಬಂಧ ಕೊಡುತ್ತಿದ್ದ ಖಾತರಿಯನ್ನು ಇಂದು ಕಾಗದ ಕೊಡಬೇಕಾಗಿದೆ. ಆ ಕಾಗದವನ್ನೇ ನಾವು ಬರೆಯುತ್ತಿಲ್ಲ. ಲಕ್ಷಾಂತರ ರೂಪಾಯಿಯ ಕೆಲಸ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಆಡಿದ ನಾಲ್ಕು ಮಾತುಗಳ ಮೇಲೆ ನಿಂತಿರುತ್ತದೆ.

ಚದರ ಅಡಿಯ ಲೆಕ್ಕ

"ಚದರ ಅಡಿಗೆ ಇಷ್ಟು" ಎಂಬ ಮಾತು ಹೊಸ ಮನೆಗೆ ಒಂದು ಮಟ್ಟಿಗೆ ಹೊಂದುತ್ತದೆ. ಹಳೆಯ ಮನೆಗೆ ಅದು ಹೊಂದುವುದಿಲ್ಲ, ಏಕೆಂದರೆ ಹಾಳಾದದ್ದು ಎಷ್ಟು ಎಂಬುದು ತೆರೆದು ನೋಡುವವರೆಗೆ ಯಾರಿಗೂ ಗೊತ್ತಿರುವುದಿಲ್ಲ.

ಒಬ್ಬ ಅಡಿಕೆ ಬೆಳೆಗಾರರ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಹೆಂಚು ಬದಲಿಸಿ ರೀಪು ಹೊಡೆಯಲು ಚದರ ಅಡಿಯ ಲೆಕ್ಕದಲ್ಲಿ ಮಾತಾಯಿತು. ಹೆಂಚು ಇಳಿಸಿದ ಮೇಲೆ ಗೋಡೆಯ ತಲೆಯ ಮೇಲೆ ಕೂರುವ ತೊಲೆಯ ತುದಿ ಗೆದ್ದಲು ತಿಂದು ಪುಡಿಯಾಗಿರುವುದು ಕಂಡಿತು. ಅದು ಮಾತಿನಲ್ಲಿ ಸೇರಿರಲಿಲ್ಲವೆಂದು ಗುತ್ತಿಗೆದಾರ ಹೆಚ್ಚಿನ ಹಣ ಕೇಳಿದ. ಅವನು ಹೇಳಿದ್ದು ಸುಳ್ಳೂ ಅಲ್ಲ. ಆದರೆ ಮನೆಯ ಮಾಡು ತೆರೆದಿದೆ, ಆಕಾಶದಲ್ಲಿ ಮೋಡ ಕಟ್ಟುತ್ತಿದೆ. ಇಂಥ ಹೊತ್ತಿನಲ್ಲಿ ಚೌಕಾಶಿ ಮಾಡುವ ಶಕ್ತಿ ಮನೆಯವರಿಗೆ ಎಲ್ಲಿರುತ್ತದೆ? ಅವರು ಕೇಳಿದಷ್ಟು ಕೊಟ್ಟರು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಮಾತುಕತೆಗೆ ಮೊದಲೇ ಸಂಶಯವಿರುವ ಎರಡು ಮೂರು ಕಡೆ ಹೆಂಚು ತೆಗೆದು, ಗಿಲಾವು ಕೆತ್ತಿ, ಮರಕ್ಕೆ ಮೊಳೆ ಚುಚ್ಚಿ ನೋಡಬೇಕು. ಮರ ತೊಲೆಗೆ ಘನ ಅಡಿಗೆ ಎಷ್ಟು, ರೀಪಿಗೆ ಅಡಿಗೆ ಎಷ್ಟು, ಗಿಲಾವಿಗೆ ಚದರ ಅಡಿಗೆ ಎಷ್ಟು ಎಂದು ಪ್ರತಿ ಕೆಲಸದ ದರವನ್ನು ಬೇರೆ ಬೇರೆ ಬರೆದುಕೊಳ್ಳಬೇಕು. ಆಗ ಒಳಗೆ ಹೆಚ್ಚು ಹಾಳಾಗಿದ್ದರೂ ಹೊಸ ಚೌಕಾಶಿ ಬೇಕಾಗುವುದಿಲ್ಲ. ಅಳತೆ ಮಾಡಿ ಒಪ್ಪಿದ ದರದಲ್ಲಿ ಕೊಟ್ಟರಾಯಿತು. ಇದು ಇಬ್ಬರಿಗೂ ನ್ಯಾಯ.

ಮಾಡು ತೆರೆದ ಮೇಲಿನ ದಿನಗಳು

ಬಹುಪಾಲು ದೂರುಗಳು ವಿಳಂಬದವು. ಗುತ್ತಿಗೆದಾರ ಮುಂಗಡ ಪಡೆದು, ನಮ್ಮ ಮನೆಯ ಮಾಡು ಬಿಚ್ಚಿ, ಇನ್ನೊಂದು ಊರಿನ ಕೆಲಸಕ್ಕೆ ಹೋಗುತ್ತಾನೆ. ಅವನಿಗೂ ಬೇಸಗೆಯ ನಾಲ್ಕು ತಿಂಗಳಲ್ಲಿಯೇ ವರ್ಷದ ದುಡಿಮೆಯಾಗಬೇಕು, ಆದ್ದರಿಂದ ಒಪ್ಪಿಕೊಂಡ ಕೆಲಸಗಳು ಅವನ ಕೈಮೀರಿರುತ್ತವೆ.

ವಾಡಿಕೆಯಂತೆ ಮುಂಗಾರು ಕೇರಳ ಮುಟ್ಟುವುದು ಜೂನ್ 1ಕ್ಕೆ. ಆದರೆ 2025ರಲ್ಲಿ ಅದು ಮೇ 24ರಂದೇ ಬಂದಿತು. ಅದಕ್ಕೂ ಮೊದಲು ಬರುವ ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ದಿನ, ಗಳಿಗೆ ಇಲ್ಲ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಮೇ ತಿಂಗಳ 15ರೊಳಗೆ ಮಾಡು ಮುಚ್ಚಿರಬೇಕೆಂದು ಮೊದಲು ನಿಶ್ಚಯಿಸಿ, ಅಲ್ಲಿಂದ ಹಿಂದಕ್ಕೆ ಮರಗೆಲಸಕ್ಕೆ ಎಷ್ಟು ದಿನ, ಗೋಡೆಗೆ ಎಷ್ಟು ದಿನ, ಸಾಮಾನು ತರಲು ಎಷ್ಟು ದಿನ ಎಂದು ಎಣಿಸುತ್ತ ಬಂದರೆ ಕೆಲಸ ಜನವರಿಯಲ್ಲಿ ಆರಂಭವಾಗಬೇಕೆಂಬುದು ತಿಳಿಯುತ್ತದೆ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಈ ದಿನಗಳನ್ನು ಕದಿಯಬಾರದು. ಮಾಡನ್ನು ಒಮ್ಮೆಗೇ ಪೂರ್ತಿ ಬಿಚ್ಚದೆ ಭಾಗ ಭಾಗವಾಗಿ ಬಿಚ್ಚಿ, ಒಂದು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯಬೇಕೆಂಬ ಷರತ್ತನ್ನು ಕರಾರಿನಲ್ಲಿಯೇ ಬರೆಯಬಹುದು.

ಗೋಡೆ, ಸೂರು, ಗೆದ್ದಲು

ಇನ್ನು ನನ್ನ ಶಾಸ್ತ್ರಕ್ಕೆ ಸಂಬಂಧಪಟ್ಟ ಮಾತು. ಮಣ್ಣಿನ ಗೋಡೆಯಲ್ಲಿರುವ ಜೇಡಿಯ ಕಣಗಳು ತೇವ ಹೀರಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಮಳೆಗಾಲದಲ್ಲಿ ಹೀರಿದ ತೇವವನ್ನು ಗೋಡೆ ಬೇಸಗೆಯಲ್ಲಿ ಹೊರಬಿಡಬೇಕು. ಮಣ್ಣಿನ ಮತ್ತು ಸುಣ್ಣದ ಗಾರೆ ಇದಕ್ಕೆ ಎಡೆಕೊಡುತ್ತವೆ. ಗಡುಸಾದ ಸಿಮೆಂಟ್ ಗಿಲಾವು ಗೋಡೆಯೊಡನೆ ಉಬ್ಬಿ ಕುಗ್ಗುವುದಿಲ್ಲ. ತೇವ ಹೊರಹೋಗುವುದನ್ನೂ ತಡೆಯುತ್ತದೆ. ಕೆಲವು ವರ್ಷಗಳಲ್ಲಿ ಅದು ಹಪ್ಪಳದಂತೆ ಎದ್ದು ನಿಲ್ಲುತ್ತದೆ. ಬಡಿದರೆ ಟೊಳ್ಳು ಸದ್ದು ಬರುತ್ತದೆ. ಒಳಗೆ ಮಣ್ಣು ಒದ್ದೆಯಾಗಿಯೇ ಉಳಿದಿರುತ್ತದೆ. "ಸಿಮೆಂಟ್ ಹಾಕಿದರೆ ಗಟ್ಟಿ" ಎಂಬ ಸಲಹೆಯನ್ನು ಗುತ್ತಿಗೆದಾರ ಕೆಟ್ಟ ಉದ್ದೇಶದಿಂದ ಕೊಡುವುದಿಲ್ಲ. ಅವನಿಗೆ ತಿಳಿದಿರುವ ಕೆಲಸವೇ ಅದು. ಮಣ್ಣಿನ ಗೋಡೆಯ ಮನೆಗೆ ಮಣ್ಣು, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕುವುದು ನಮ್ಮ ಹೊಣೆ.

ಜಂಬಿಟ್ಟಿಗೆಯ ಮಾತೂ ಇಷ್ಟೇ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲನ್ನು ವರ್ಣಿಸಿ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವುದು ಅದರ ಗುಣ. ಆದ್ದರಿಂದ ಹೊಸದಾಗಿ ತೆಗೆದ ಕಲ್ಲನ್ನು ಆತುರದಿಂದ ಗೋಡೆಗೇರಿಸಬಾರದು.

ಸೂರಿನ ಸಂಗತಿ ಇನ್ನೂ ಮುಖ್ಯ. 1,000 ಚದರ ಅಡಿಯ ಮಾಡಿನ ಮೇಲೆ ಒಂದು ದಿನದಲ್ಲಿ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು ಇಳಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಅದು 2 ಲಕ್ಷ 79 ಸಾವಿರ ಲೀಟರ್. ಹಿರಿಯರು ಮಾಡನ್ನು ಕಡಿದಾಗಿ ಮಾಡಿ, ಸೂರನ್ನು ಗೋಡೆಯಿಂದ ಮುಂದಕ್ಕೆ ಚಾಚಿದ್ದು ಈ ನೀರನ್ನು ಗೋಡೆಯಿಂದ ದೂರವಿಡುವುದಕ್ಕೆ. ಈಗ ಅಂದಕ್ಕಾಗಿ ಸೂರನ್ನು ಗಿಡ್ಡಗೊಳಿಸುತ್ತಾರೆ ಅಥವಾ ಮಾಡು ತೆಗೆದು ಸಪಾಟಾದ ತಾರಸಿ ಹಾಕುತ್ತಾರೆ. ಮೂರು ನಾಲ್ಕು ಮಳೆಗಾಲ ಕಳೆದ ಮೇಲೆ ಸೋರಿಕೆ ತಾಳಲಾರದೆ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತಾರೆ. ನಮ್ಮ ರಸ್ತೆಯ ಇಕ್ಕೆಲಗಳಲ್ಲಿ ಕಣ್ಣುಹಾಯಿಸಿದರೆ ಒಂದೇ ಮನೆಗೆ ಎರಡು ಮಾಡು ಕಟ್ಟಿಸಿದವರು ಎಷ್ಟು ಮಂದಿ ಎಂಬುದು ತಿಳಿಯುತ್ತದೆ. ಎರಡಕ್ಕೂ ಹಣ ಕೊಟ್ಟವರು ಮನೆಯವರೇ.

ಗೆದ್ದಲಿನ ಔಷಧದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನೆಲ ಅಗೆದಾಗ ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕವನ್ನು ನೀರಿನಲ್ಲಿ ಕಲಸಿ ಸುರಿಯುವ ರೂಢಿಯಿದೆ. ಅದು ಮೀನಿಗೆ ಅತ್ಯಂತ ವಿಷಕಾರಿ. ನಮ್ಮ ಮನೆಗಳಲ್ಲಿ ಬಾವಿ ಅಡುಗೆಮನೆಗೆ ತಾಗಿಕೊಂಡೇ ಇರುತ್ತದೆ ಎಂಬುದು ಹೊರಗಿನಿಂದ ಬಂದ ಕೆಲಸಗಾರರ ಗಮನಕ್ಕೆ ಬಾರದಿರಬಹುದು. ಗೆದ್ದಲಿಗೆ ತೇವ ಬೇಕು, ಮಣ್ಣಿನ ಸಂಪರ್ಕ ಬೇಕು. ಮರದ ಕಂಬ ಕಲ್ಲಿನ ಮೇಲೆ ನಿಲ್ಲುವಂತೆ ಮಾಡುವುದು, ಗೋಡೆಯ ಬುಡಕ್ಕೆ ನೀರು ಬೀಳದಂತೆ ನೋಡಿಕೊಳ್ಳುವುದು, ಗೋಡೆಯ ಮೇಲೇರುವ ಮಣ್ಣಿನ ಗೂಡುಸಾಲನ್ನು ಕಂಡಾಗಲೇ ಕೆಡಹುವುದು, ಇವು ಮೊದಲ ಚಿಕಿತ್ಸೆ. ಔಷಧ ಅನಿವಾರ್ಯವಾದರೆ ಯಾವುದು, ಎಷ್ಟು, ಬಾವಿಯಿಂದ ಎಷ್ಟು ದೂರ ಎಂಬುದು ಬರವಣಿಗೆಯಲ್ಲಿರಬೇಕು.

ಧರೆ ಮತ್ತು ಹಳ್ಳ

ಮನೆ ವಿಸ್ತರಿಸಲು ಹಿಂಬದಿಯ ಧರೆಯನ್ನು ಜೆಸಿಬಿಯಿಂದ ಕಡಿಸುವುದು ಈಗ ಒಂದು ಮಧ್ಯಾಹ್ನದ ಕೆಲಸ. ಹಾರೆ ಪಿಕಾಸಿಗಳ ಕಾಲದಲ್ಲಿ ಆ ಕೆಲಸಕ್ಕೆ ತಿಂಗಳು ಹಿಡಿಯುತ್ತಿದ್ದುದರಿಂದ ಮನುಷ್ಯ ಅಗತ್ಯವಿದ್ದಷ್ಟೇ ಕಡಿಯುತ್ತಿದ್ದ. ಕಡಿದಾಗಿ ಕತ್ತರಿಸಿದ ಧರೆ ಬೇಸಗೆಯಲ್ಲಿ ಗೋಡೆಯಂತೆ ನಿಂತಿರುತ್ತದೆ. ಮಳೆಗಾಲದಲ್ಲಿ ನೀರು ಇಳಿದು ಮಣ್ಣು ಭಾರವಾದಾಗ, ಕೆಳಗಿನ ಆಸರೆ ಇಲ್ಲದೆ ಕುಸಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಅತಿಯಾದ ಮಳೆಯ ಜೊತೆಗೆ, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಭೂವಿಜ್ಞಾನಿಗಳು ಕಾರಣಗಳಲ್ಲಿ ಎಣಿಸಿದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಹೆದ್ದಾರಿ ದೊಡ್ಡದು, ಮನೆ ಚಿಕ್ಕದು. ಮಣ್ಣಿನ ನಿಯಮ ಎರಡಕ್ಕೂ ಒಂದೇ.

ಜೆಸಿಬಿಯವರು ಗಂಟೆಯ ಲೆಕ್ಕದಲ್ಲಿ ಬಂದು ಹೋಗುತ್ತಾರೆ. ಧರೆಯ ಕೆಳಗೆ ಮಲಗುವವರು ನಾವು. ಎಷ್ಟು ಎತ್ತರ ಕಡಿಯಬೇಕು, ಮೆಟ್ಟಿಲಾಗಿ ಇಳಿಸಬೇಕೇ, ಮೇಲಿನ ನೀರನ್ನು ಯಾವ ಕಡೆ ತಿರುಗಿಸಬೇಕು, ತೆಗೆದ ಮಣ್ಣನ್ನು ಎಲ್ಲಿ ಹಾಕಬೇಕು ಎಂಬುದು ಯಂತ್ರ ಬರುವ ಮೊದಲೇ ನಿರ್ಧಾರವಾಗಬೇಕು. ಒಡೆದ ಹೆಂಚು, ಗಿಲಾವಿನ ಚೂರು, ಸಿಮೆಂಟ್ ತೊಳೆದ ನೀರುಗಳನ್ನು ಹಳ್ಳಕ್ಕೆ ತಳ್ಳಿದರೆ ಮಳೆಗಾಲದಲ್ಲಿ ಅವು ಕೆಳಗಿನ ತೋಟದ ಬಸಿಗಾಲುವೆಯನ್ನು ಮುಚ್ಚುತ್ತವೆ. ಬಸಿಗಾಲುವೆ ಮುಚ್ಚಿದ ತೋಟದಲ್ಲಿ ಅಡಿಕೆಯ ಬೇರಿಗೆ ಉಸಿರಾಡಲು ಎಡೆಯಿಲ್ಲ. ನಮ್ಮ ಮನೆಯ ದುರಸ್ತಿ ಪಕ್ಕದವರ ಬೆಳೆಯನ್ನು ಕೊಲ್ಲುವುದು ಹೀಗೆ.

ಹಳೆಯ ಮರದ ಲೆಕ್ಕ

"ಹಳೇ ಸಾಮಾನೆಲ್ಲ ನಾನೇ ಸಾಗಿಸ್ತೇನೆ ಬಿಡಿ" ಎಂದು ಗುತ್ತಿಗೆದಾರ ಹೇಳಿದಾಗ ಮನೆಯವರಿಗೆ ಉಪಕಾರವೆನಿಸುತ್ತದೆ. ಆ ಹಳೇ ಸಾಮಾನಿನಲ್ಲಿ ಹೊನ್ನೆ, ಮತ್ತಿ, ಹಲಸು, ಬೀಟೆಯ ತೊಲೆ, ಬಾಗಿಲುಗಳಿರುತ್ತವೆ. ದಶಕಗಳ ಕಾಲ ಒಣಗಿ ಹದಗೊಂಡ ಅಂಥ ಮರವನ್ನು ಇಂದು ಹೊಸದಾಗಿ ಕೊಳ್ಳುವುದು ಸುಲಭವಲ್ಲ. ಅದನ್ನು ಕಳೆದುಕೊಂಡು ಹಸಿ ಮರ ತಂದು ಕೂಡಿಸಿದರೆ ಒಂದೇ ವರ್ಷದಲ್ಲಿ ಬಾಗಿಲು ಸೊಟ್ಟಗಾಗುತ್ತದೆ. ಸ್ವಂತ ಜಮೀನಿನ ಮರವಾದರೂ ಹಲವು ಜಾತಿಗಳನ್ನು ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅನುಮತಿ ಬೇಕೆಂಬುದನ್ನೂ ನೆನಪಿಡಬೇಕು. ಕೆಲಸ ಆರಂಭಿಸುವ ಮೊದಲು ಮನೆಯ ಮರಮಟ್ಟು, ಹೆಂಚು, ಕಲ್ಲುಗಳ ಪಟ್ಟಿ ಮಾಡಿ, ಚಿತ್ರ ತೆಗೆದು, ಯಾವುದು ಮರುಬಳಕೆಗೆ, ಯಾವುದು ಮಾರಾಟಕ್ಕೆ ಎಂದು ಬರೆಯಿರಿ. ತುದಿ ಹಾಳಾದ ತೊಲೆಯನ್ನು ಕತ್ತರಿಸಿ ಕಿಟಕಿಯ ದಾರಂದಕ್ಕೆ ಬಳಸಬಹುದು. ಮನೆಯಲ್ಲಿ ಉಳಿದ ಪ್ರತಿ ತೊಲೆಯೂ ಕಾಡಿನಲ್ಲಿ ಉಳಿದ ಒಂದು ಮರ.

ಗುತ್ತಿಗೆದಾರನ ಪಕ್ಷದ ಮಾತು

ಗುತ್ತಿಗೆದಾರರೊಡನೆಯೂ ನಾನು ಮಾತನಾಡಿದ್ದೇನೆ. ಅವರ ದೂರುಗಳೂ ಹುರುಳಿಲ್ಲದವಲ್ಲ. ಬೆಳಗ್ಗೆ ಹೇಳಿದ ಅಳತೆಯನ್ನು ಸಂಜೆ ಬದಲಿಸುವ ಮನೆಯವರು, ಮನೆಗೆ ಬಂದ ನೆಂಟರ ಮಾತು ಕೇಳಿ ಕಟ್ಟಿದ್ದನ್ನು ಒಡೆಸುವವರು, ಕೊನೆಯ ಕಂತನ್ನು ಕಾರಣವಿಲ್ಲದೆ ವರ್ಷಗಟ್ಟಲೆ ಹಿಡಿದಿಡುವವರು ನಮ್ಮಲ್ಲಿಯೂ ಇದ್ದಾರೆ. ಹಣ ತಡವಾದಾಗ ಮೊದಲು ಪೆಟ್ಟು ಬೀಳುವುದು ದೂರದ ಊರಿನಿಂದ ಬಂದ ಕೂಲಿಯವರಿಗೆ. ಪಾಚಿಗಟ್ಟಿದ ಮಾಡಿನ ಮೇಲೆ ಹಗ್ಗವಿಲ್ಲದೆ ಹತ್ತುವವರೂ ಅವರೇ. ಅವರ ಸುರಕ್ಷತೆ ಯಾರ ಹೊಣೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಅವರ ನೋಂದಣಿಯಾಗಿದೆಯೇ ಎಂದು ಕೇಳುವುದು ಮನೆಯವರ ಕರ್ತವ್ಯವೂ ಹೌದು.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಹಣ ಕೊಡುವ ಮಗ ಬೆಂಗಳೂರಿನಲ್ಲಿ, ಮನೆಯಲ್ಲಿರುವ ತಾಯಿ ಇಲ್ಲಿ. ಗುತ್ತಿಗೆದಾರ ಫೋನಿನಲ್ಲಿ ಮಗನ ಮಾತು ಕೇಳುತ್ತಾನೆ. ಹೀಗೆ ದುರಸ್ತಿಯಾದ ಒಂದು ಮನೆಯಲ್ಲಿ ಹೊಳಪಿನ ಹಾಸುಗಲ್ಲು ಬಂದಿದೆ, ಅಡಿಕೆ ಒಣಗಿಸುವ ಅಟ್ಟ ಹೋಗಿದೆ, ಬಚ್ಚಲ ಒಲೆ ಹೋಗಿದೆ. "ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸಲಿ ಎಂದು ಯಾರೂ ನನ್ನನ್ನು ಕೇಳಲಿಲ್ಲ, ತಮ್ಮಾ" ಎಂದರು ಆ ತಾಯಿ. ಮನೆಯಲ್ಲಿ ಬದುಕುವವರ ಸಹಿಯೂ ಕರಾರಿನ ಮೇಲಿರಲಿ.

ಕರಾರಿನಲ್ಲಿ ಏನಿರಬೇಕು

ಎರಡು ಪುಟ ಸಾಕು. ಕೆಲಸಗಳ ಪಟ್ಟಿ ಮತ್ತು ಪ್ರತಿಯೊಂದರ ದರ, ಸಾಮಾನು ಯಾರದು, ಅದರ ಗುಣಮಟ್ಟವೇನು, ಮರಳು, ಕಲ್ಲುಗಳಿಗೆ ಪರವಾನಗಿಯ ರಸೀದಿ, ಹಳೆಯ ಸಾಮಾನಿನ ಪಟ್ಟಿ, ಮಾಡು ಮುಚ್ಚುವ ದಿನಾಂಕ, ನೀರು ಹರಿಯುವ ದಾರಿಯ ಒಂದು ಕೈನಕ್ಷೆ, ತ್ಯಾಜ್ಯ ಎಲ್ಲಿಗೆ, ಬದಲಾವಣೆ ಬೇಕಾದರೆ ಇಬ್ಬರೂ ಸಹಿ ಮಾಡಿದ ಚೀಟಿಯಿಂದಲೇ ಎಂಬ ನಿಯಮ. ಇಷ್ಟಿದ್ದರೆ ಬಹಳಷ್ಟು ಜಗಳಗಳು ಹುಟ್ಟುವುದಿಲ್ಲ.

ಹಣದ ವಿಷಯದಲ್ಲಿ ಒಂದು ಉದಾಹರಣೆ. 4 ಲಕ್ಷ ರೂಪಾಯಿಯ ಕೆಲಸವಾದರೆ ಆರಂಭಕ್ಕೆ 40 ಸಾವಿರ. ನಡುವಿನ 3 ಲಕ್ಷ 20 ಸಾವಿರವನ್ನು ಮುಗಿದ ಕೆಲಸದ ಅಳತೆ ನೋಡಿ ಕಂತುಗಳಲ್ಲಿ, ತಡಮಾಡದೆ. ಉಳಿದ 40 ಸಾವಿರ ಒಂದು ಮಳೆಗಾಲ ದಾಟಿದ ಮೇಲೆ, ದೀಪಾವಳಿಯ ಹೊತ್ತಿಗೆ. ಸರ್ಕಾರಿ ಕಾಮಗಾರಿಗಳಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಂದು ಇಟ್ಟು, ಭದ್ರತಾ ಠೇವಣಿ ಹಿಡಿಯುವುದು ಹಳೆಯ ಪದ್ಧತಿ. ಅದನ್ನೇ ನಾವು ನಮ್ಮ ಮಳೆಗೆ ಹೊಂದಿಸಿಕೊಳ್ಳುವುದು. ಇದು ಮೊದಲೇ ಒಪ್ಪಿ ಬರೆದದ್ದಾಗಿರಬೇಕು. ಕೊನೆಗೆ ಹಠಾತ್ತನೆ ಹಿಡಿದಿಟ್ಟರೆ ಅದು ಅನ್ಯಾಯ. ನಾನು ಬಲ್ಲ ಶಿಕ್ಷಕ ದಂಪತಿಗಳು ಹೀಗೆಯೇ ಮಾಡಿದರು. ಜುಲೈನಲ್ಲಿ ಎರಡು ಮಾಡು ಕೂಡುವ ಮೂಲೆಯಲ್ಲಿ ಸೋರಿತು. ಫೋನ್ ಮಾಡಿದ ಎರಡನೆಯ ದಿನ ಗುತ್ತಿಗೆದಾರ ಬಂದು ಸರಿಪಡಿಸಿದ. ದೀಪಾವಳಿಗೆ ಉಳಿದ ಹಣ, ಜೊತೆಗೆ ಮನೆಯ ಬಾಳೆಗೊನೆ ಪಡೆದು ಹೋದ. ಇಂದು ಆ ದಂಪತಿಗಳೇ ಅವನ ಹೆಸರನ್ನು ಊರಿಗೆಲ್ಲ ಹೇಳುತ್ತಾರೆ.

ವ್ಯಾಜ್ಯವಾದರೆ ಕಾನೂನಿನ ದಾರಿಯೂ ಇದೆ. 1993ರ ತಿದ್ದುಪಡಿಯಿಂದ ಮನೆ ನಿರ್ಮಾಣ ಗ್ರಾಹಕ ಕಾಯಿದೆಯ 'ಸೇವೆ'ಯ ವ್ಯಾಖ್ಯೆಯಲ್ಲಿ ಸೇರಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹಾಗೆಯೇ ಹೇಳಿತು. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿಯೂ ಅದು ಮುಂದುವರಿದಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ನಾವೇ ನಿಂತು ದಿನಗೂಲಿಯಲ್ಲಿ ಮಾಡಿಸಿದ ಕೆಲಸಕ್ಕೆ ಈ ದಾರಿ ಒದಗುವುದಿಲ್ಲ. ಅಲ್ಲಿಯೂ ಕೇಳುವುದು ಕಾಗದ, ರಸೀದಿ, ಚಿತ್ರಗಳನ್ನೇ. ಬಾಯಿಮಾತಿನ ಒಪ್ಪಂದಕ್ಕೂ ಬೆಲೆಯಿದೆ, ಆದರೆ ಅದನ್ನು ಸಾಧಿಸಿ ತೋರಿಸುವುದು ಕಷ್ಟ.

ವಿದ್ಯಾರ್ಥಿ ಮಿತ್ರರಲ್ಲಿ ನನ್ನದೊಂದು ವಿನಂತಿ. ಬರುವ ಮಳೆಗಾಲದಲ್ಲಿ ಒಂದು ದಿನ ಕೊಡೆ ಹಿಡಿದು ನಿಮ್ಮ ಮನೆಯ ಸುತ್ತ ಒಮ್ಮೆ ನಡೆಯಿರಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆ ಒದ್ದೆಯಾಗಿದೆ, ಧರೆಯಲ್ಲಿ ಎಲ್ಲಿ ಬಿರುಕಿದೆ ಎಂದು ಒಂದು ಹಾಳೆಯ ಮೇಲೆ ಗುರುತಿಸಿ, ಅಜ್ಜ ಅಜ್ಜಿಯರನ್ನು ಕೇಳಿ ತಿದ್ದಿಕೊಳ್ಳಿ. ಜನವರಿಯಲ್ಲಿ ಗುತ್ತಿಗೆದಾರ ಬಂದು ಜಗಲಿಯಲ್ಲಿ ಕುಳಿತಾಗ ದರದ ಮಾತಿಗೆ ಮೊದಲು ಆ ಹಾಳೆಯನ್ನು ಅವನ ಮುಂದಿಡಿ.